ಕೋಟಿನ ಗುಂಡಿ

ಪರದೆ ಏಳಲು ಐದೇ ನಿಮಿಷವಿತ್ತು. ಜೆಲಿಗ್‌ಗೆ ತಾನು ಹಾಡಬೇಕಾದ ಮೊದಲ ಹಾಡಿನ ಮೊದಲ ಸಾಲೇ ನೆನಪಿಗೆ ಬರುತ್ತಿರಲಿಲ್ಲ. ಯೂರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್‌ನ ಹಳೆಯ ಕಥೆಗಳಿಂದ ಕಟ್ಟಿದ ಹೊಸ ಸಂಗೀತ ನಾಟಕಕ್ಕೆ ನ್ಯೂಯಾರ್ಕಿನ ಆ ರಂಗಮಂದಿರ ಕಿಕ್ಕಿರಿದಿತ್ತು. ಪರದೆಯ ಹಿಂದೆ ಹೆಂಡತಿ ಫ್ರೇಡಲ್ ಕತ್ತರಿ ತೆಗೆದು ಅವನ ಕೋಟಿನ ಗುಂಡಿಯೊಂದನ್ನು ಕಚಕ್ಕನೆ ಕತ್ತರಿಸಿದಳು.

“ಏ, ಗಟ್ಟಿಯಾಗೇ ಇತ್ತಲ್ಲೇ ಅದು!”

“ಬಾಯಿ ತೆಗಿ,” ಎಂದು ಅವಳು ಒಂದೆಳೆ ನೂಲನ್ನು ಅವನ ಹಲ್ಲಿಗಿಟ್ಟು ಸೂಜಿ ಹಿಡಿದಳು. ಮೈಮೇಲಿನ ಬಟ್ಟೆ ಹೊಲಿಯುವಾಗ ನೂಲು ಅಗಿಯದಿದ್ದರೆ ನೆನಪೂ ಹೊಲಿದುಹೋಗುತ್ತದೆ, ಅಗಿದರೆ ಮರೆತದ್ದೂ ಮರಳುತ್ತದೆ ಎನ್ನುತ್ತಿದ್ದಳು ಅವನ ತಾಯಿ.

“ಅಮ್ಮ ಹಾಗಂದಾಗೆಲ್ಲ ಬಿದ್ದೂ ಬಿದ್ದೂ ನಗ್ತಿದ್ದೋಳು ನೀನು.”

“ನಗ್ತಿದ್ದೆ. ಈಗ ಅಗಿ.”

ಜೆಲಿಗ್ ಕಣ್ಣು ಮುಚ್ಚಿ ಅಗಿದ. ಗುಂಡಿ ಕೂತಿತು, ಸಾಲು ಬರಲಿಲ್ಲ. ಹೊರಗೆ ಪಿಟೀಲು ಶುರುವಾಯಿತು.

“ಫ್ರೇಡಲ್,” ಎಂದ, ನೂಲು ಉಗುಳದೆ, “ಉಳಿದ ಗುಂಡಿ ಎಲ್ಲಾನೂ ಕತ್ತರಿಸೇ.”