ಎರಡು ವಾರದ ಗಂಡ

ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಅಂಬುಜಳ ಗಂಡ ಮೆತ್ತಗಾಗಿದ್ದ. ಮೂವತ್ತು ವರ್ಷ "ಏ ಇವಳೇ" ಎಂದು ಗದರಿದವನು, ಸಿಟ್ಟು ಬಂದಾಗ ಕೈ ಮಾಡಿದವನು, ಈಗ ಹೆಸರು ಹಿಡಿದು ಕರೆಯುತ್ತಿದ್ದ. ಬೆಳಗಿನ ಕಾಫಿಯನ್ನು ತಾನೇ ಬೆರೆಸಿ ತಂದು, "ಸಕ್ಕರೆ ಸಾಕಾ ನೋಡು" ಎನ್ನುತ್ತಿದ್ದ. ರೋಗ ಮೆಲ್ಲಗೆ ಬೆಳೆಯುವಂಥದೋ, ಬೇಗ ಹಬ್ಬುವಂಥದೋ ಎಂದು ತಿಳಿಯಲು ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿ ಎರಡು ವಾರವಾಗಿತ್ತು.

ವರದಿ ಬಂದ ದಿನ ಅವನಿಗೆ ಡಾಕ್ಟರ ಮುಂದೆ ಕೂರುವ ಧೈರ್ಯವಾಗಲಿಲ್ಲ.

"ನೀನೇ ಒಳಗೆ ಹೋಗಿ ಕೇಳ್ಕೊಂಡು ಬಾ, ಅಂಬುಜಾ."

ಡಾಕ್ಟರು ನಗುತ್ತಲೇ ಕಾಗದ ತೆರೆದರು. "ಬಹಳ ನಿಧಾನದ್ದಮ್ಮ ಇದು. ಆಪರೇಷನ್ನೂ ಬೇಡ, ಆಗಾಗ ರಕ್ತಪರೀಕ್ಷೆ ಮಾಡಿಸಿದ್ರೆ ಸಾಕು. ಇನ್ನೂ ಇಪ್ಪತ್ತು ವರ್ಷ ಏನೂ ಆಗಲ್ಲ. ವಿಷಯ ತಿಳಿದ್ರೆ ಯಜಮಾನ್ರು ಮತ್ತೆ ಮೊದಲಿನ ಹಾಗೇ ಆಗ್ತಾರೆ, ಹೋಗಿ ಹೇಳಿ."

ಹೊರಗೆ ಬೆಂಚಿನ ಮೇಲೆ ಕುಳಿತಿದ್ದವನು ಎದ್ದು ಅವಳ ಎರಡೂ ಕೈ ಹಿಡಿದುಕೊಂಡ. ಮದುವೆಯ ದಿನ ಬಿಟ್ಟರೆ ಹಾಗೆ ಹಿಡಿದದ್ದೇ ಇಲ್ಲ. ಅವಳು ಬಿಡಿಸಿಕೊಳ್ಳಲಿಲ್ಲ.

"ಏನಂದ್ರು? ನಿಜ ಹೇಳು."

"ಬೇಗ ಹಬ್ಬೋದಂತೆ ರೀ," ಎಂದಳು.