ಇಳಿಯದೆ ಮೇಲೆ ಬಂದವನು

ನೀರಿನ ಸಂಪಿನೊಳಕ್ಕೆ ಇಳಿಯುವ ಮೊದಲೇ ಕೂಲಿಯಾಳು ಮಂಜಪ್ಪನಿಂದ ‘ಎಲ್ಲ ಸುರಕ್ಷತಾ ಸಲಕರಣೆ ಧರಿಸಿ ಕೆಳಗಿಳಿದು, ಹಲಗೆಗಳನ್ನು ತೆಗೆದು, ಕ್ಷೇಮವಾಗಿ ಮೇಲೆ ಬಂದಿರುತ್ತೇನೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲಾಯಿತು.

ಹಾಕಿಸಿಕೊಂಡವನು ಜೂನಿಯರ್ ಎಂಜಿನಿಯರ್ ಸಂಗನಬಸವ. ಕೆಲಸ ಮುಗಿದ ಮೇಲೆ ಹಾಕಿಸಿದರೆ ಕೂಲಿಯವರ ಕೈಕೆಸರು ಹತ್ತಿ ಫೈಲು ಹೊಲಸಾಗುತ್ತದೆ ಎಂಬುದು ಅವನ ಹತ್ತು ವರ್ಷದ ಅನುಭವ. ತಿರ್ಲಾಪುರದ ಆಚೆ ಕಟ್ಟಿದ ಹೊಸ ಹಾಸ್ಟೆಲಿಗೆ ನಾಳೆ ದೊಡ್ಡವರು ಬಂದು ರಿಬ್ಬನ್ ಕತ್ತರಿಸುವವರಿದ್ದರು. ನೀರಿನ ಸಂಪಿಗೆ ಸ್ಲ್ಯಾಬ್ ಹಾಕಿ ಆರು ತಿಂಗಳಾಗಿತ್ತು. ಸ್ಲ್ಯಾಬಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಹಲಗೆಗಳು ಒಳಗೇ ಮಳೆನೀರಿನಲ್ಲಿ ಕೊಳೆಯುತ್ತಿದ್ದವು. ಆಳ ಹತ್ತು ಅಡಿ, ಬಾಯಿ ಎರಡೇ ಅಡಿ. ಮುಚ್ಚಳ ತೆಗೆದಾಗ ಹಳಸಿದ ಹುಳಿಯಂಥ ನಾತ ಬಂದು ಸಂಗನಬಸವನ ಮೂಗಿಗೆ ಬಡಿದಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದು, “ಎರಡ ನಿಮಿಷದ ಕೆಲಸ, ಇಳಿಯಲೇ ಮಂಜ್ಯಾ” ಎಂದಿದ್ದ.

ಸೈಟಿನಲ್ಲಿ ಎಲ್ಲರೂ ಮಾಡುವಂತೆ ಮಂಜಪ್ಪ ಮೊದಲು ಸಹಿ ಹಾಕಿ ಆಮೇಲೆ ಕಾಗದ ಓದಿದ. “ಸಾಹೇಬ್ರ, ಸಲಕರಣಿ ಹಾಕ್ಕೊಂಡೇನಿ ಅಂತ ಬರದೈತಿ. ಎಲ್ಲೆದಾವ್ರಿ ಅವು?”

“ನವಲಗುಂದದ ಆಫೀಸಿನ್ಯಾಗ, ಗಾಜಿನ ಕಪಾಟಿನ್ಯಾಗ. ಅವನ್ನ ಇಲ್ಲಿಗಿ ತಂದ್ರ ಅಲ್ಲೆ ಬಂದಾವ್ರಿಗೆ ಏನ್ ತೋರಸೂಣು?”

“ಹಂಗಾರ ಕಾಗದದಾಗ ನಾ ಮ್ಯಾಲ ಬಂದಬಿಟ್ಟೇನಿ. ಮನಿಗಿ ಹೋಗ್ಲೇನ್ರಿ?”

ಬುಟ್ಟಿ ಹೊತ್ತು ನಿಂತಿದ್ದ ಹೆಣ್ಣಾಳುಗಳು ಕಿಸಕ್ಕನೆ ನಕ್ಕರು. ನಗದೇ ಇದ್ದವಳು ಒಬ್ಬಳೇ, ಮಂಜಪ್ಪನ ತಾಯಿ ದುರಗವ್ವ. ಆಕೆ ಸಂಪಿನ ಬಾಯಿಗೆ ಅಡ್ಡ ಬಂದು ಕಾಲು ಚಾಚಿ ಕುಳಿತುಬಿಟ್ಟಳು. “ಒಳಗಿನ ಗಾಳಿ ನೋಡದ ನನ್ನ ಮಗಾ ಇಳ್ಯೂದಿಲ್ರಿ.”

ಸಂಗನಬಸವನಿಗೆ ಹುರುಪು ಬಂತು. ಜೀಪಿನಿಂದ ಗಾಳಿ ಅಳೆಯುವ ಯಂತ್ರ ತಂದ. ನಿಜ ಹೇಳಬೇಕೆಂದರೆ ಅದೂ ಕಪಾಟಿನಲ್ಲಿ ಇರಬೇಕಾದದ್ದೇ. ಮಹಾನವಮಿಗೆ ಜೀಪಿನ ಜೊತೆ ಪೂಜೆ ಮಾಡಿದ್ದರಿಂದ ಜೀಪಿನಲ್ಲೇ ಉಳಿದಿತ್ತು. ಅಂದು ಅದಕ್ಕೆ ವಿಭೂತಿ ಬಳಿದು, ಹೂ ಏರಿಸಿ, ಭಕ್ತಿ ಹೆಚ್ಚಾಗಿ ಗಾಳಿ ಹೀರುವ ತೂತಿಗೂ ಒಂದು ಚಿಟಿಕೆ ಕುಂಕುಮ ತುಂಬಿದ್ದರು. ಆವತ್ತಿನಿಂದ ಯಂತ್ರ ಎಲ್ಲಿಟ್ಟರೂ ಹಸಿರು ದೀಪವನ್ನೇ ತೋರಿಸುತ್ತಿತ್ತು. ಲೋಬಾನದ ಹೊಗೆಯಲ್ಲೂ ಹಸಿರು, ಪಾಯಖಾನೆಯ ಗುಂಡಿಯಲ್ಲೂ ಹಸಿರು.

“ನೋಡು, ಹಸರ! ಒಳಗ ಅಗದಿ ಚಲೋ ಗಾಳಿ ಐತಿ.”

ದುರಗವ್ವ ಯಂತ್ರವನ್ನು ಹಿಡಿದು ತಿರುಗಿಸಿ ನೋಡಿದಳು. “ಇದರ ಮೂಗಿಗೇ ಕುಂಕುಮ ತುರಕೀರಿ. ತನಗ ಉಸರು ಹತ್ತವಲ್ದು, ಮಂದೀದೇನ್ ಹೇಳ್ತೈತ್ರಿ ಇದು?”

ಅವಳು ಎದ್ದು ಶೆಡ್ಡಿನಲ್ಲಿ ತೂಗುಹಾಕಿದ್ದ ಕಂದೀಲು ತಂದು ಹಚ್ಚಿದಳು. ಅದರ ಹಿಡಿಕೆಗೆ ಹಗ್ಗ ಕಟ್ಟುತ್ತ ಹೇಳಿದಳು: “ಗೌಡರ ಹಗೇವ ತಗಿಯೂಮುಂದ ನಮ್ಮಪ್ಪ ಹಿಂಗ ದೀಪ ಇಳಸಾಂವ. ನೆಲದಾಗ ಜ್ವಾಳ ತುಂಬಿ ಮುಚ್ಚಿದ ಹಗೇವು, ಒಳಗ ಗಾಳಿ ಸತ್ತಿರ್ತೈತಿ. ದೀಪ ಉರದ್ರ ಮನಶ್ಯಾ ಇಳೀಬೇಕು, ಆರಿದ್ರ ಇಳೀಬಾರ್ದು. ಒಂದ ವರ್ಸ ಗೌಡ್ರಿಗೆ ಅವಸರಿತ್ತು, ದೀಪ ಗೀಪ ಬ್ಯಾಡ ಅಂದ್ರು. ಜ್ವಾಳ ಮ್ಯಾಲ ಬಂತು. ನಮ್ಮಪ್ಪ ಬರ್ಲಿಲ್ಲ.”

ಕಂದೀಲು ಕೆಳಗಿಳಿಯಿತು. ಐದು ಅಡಿಯವರೆಗೆ ನೆಟ್ಟಗೆ ಉರಿದ ಜ್ವಾಲೆ, ಆರನೆಯ ಅಡಿಗೆ ಕುಗ್ಗಿ, ಏಳಕ್ಕೆ ಪಟ್ಟನೆ ಹೋಯಿತು.

“ಗಾಳಿಗಿ ಆರಿರಬೇಕು” ಎಂದ ಸಂಗನಬಸವ.

“ಒಳಗ ಅಷ್ಟ ಗಾಳಿ ಬೀಸ್ತಿದ್ರ ಯಾಕ ಅಂಜಬೇಕಿತ್ರಿ?” ಎಂದ ಮಂಜಪ್ಪ. ಹೆಣ್ಣಾಳುಗಳು ಈ ಸಲ ಬುಟ್ಟಿ ಕೆಳಗಿಟ್ಟೇ ನಕ್ಕರು.

ಸಂಗನಬಸವನಿಗೆ ಮೈಯೆಲ್ಲ ಉರಿಯಿತು. ಮತ್ತೆ ಹಚ್ಚಿಸಿ, ಹಗ್ಗವನ್ನು ತಾನೇ ಹಿಡಿದು, ಬೆಣ್ಣೆಯಿಂದ ಕೂದಲು ತೆಗೆದಂತೆ ಸಾವಕಾಶವಾಗಿ ಇಳಿಸಿದ. ಏಳನೆಯ ಅಡಿಗೆ ಮತ್ತೆ ಕತ್ತಲೆ. ಕೈಯಲ್ಲಿದ್ದ ಹಗ್ಗ ಯಾಕೋ ತಣ್ಣಗಾದಂತೆ ಅನಿಸಿತು ಅವನಿಗೆ.

ಆದರೂ ನೌಕರಿ ನೌಕರಿಯೇ. ಮೇಲಿನ ಸಾಹೇಬರ ಗುಡುಗು ಕೇಳಿದರೆ ಇವರು ಬಗ್ಗಿಯಾರು ಎಂದು ಫೋನು ಹಚ್ಚಿ ಸ್ಪೀಕರ್ ಹಾಕಿದ. “ಸರ, ಆಳು ಇಳೀವಲ್ರು. ಒಳಗ ಗಾಳಿ ಅಗದಿ ಚಲೋ ಐತ್ರಿ, ನಾನ ಚೆಕ್ ಮಾಡೇನಿ. ಎರಡ ನಿಮಿಷದ ಕೆಲಸಕ್ಕ ಸೊಕ್ಕು ಮಾಡಾಕತ್ತಾರ.”

“ನಾಳಿ ಬೆಳಿಗ್ಗೆ ನಳದಾಗ ನೀರ ಬರಬೇಕೋ ಬ್ಯಾಡೋ?” ಫೋನು ಒದರಿತು. “ಗಾಳಿ ಚಲೋ ಐತಿ, ಎರಡ ನಿಮಿಷದ ಕೆಲಸ. ಮತ್ತ ಆಳಿನ ದಾರಿ ಯಾಕ ಕಾಯ್ತೀ? ಬೂಟ್ ಬಿಚ್ಚು, ನೀನ ಇಳಿ. ಇದು ನನ್ನ ಆರ್ಡರ್.”

ಮಂಜಪ್ಪ ಬಲು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಸಂಪಿನ ಬಾಯಿ ತೆರವು ಮಾಡಿಕೊಟ್ಟ. ದುರಗವ್ವ ಕಂದೀಲಿನಿಂದ ಹಗ್ಗ ಬಿಚ್ಚಿ ಹತ್ತಿರ ಬಂದಳು. ಅವಳ ಧ್ವನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ. “ಟೊಂಕಕ್ಕ ಕಟ್ತೇನಿ, ಕೈ ಮ್ಯಾಲೆತ್ರಿ ಸಾಹೇಬ್ರ. ಬಿದ್ರ ನಾವು ಜಗ್ಗತೇವಿ, ಬಿಡೂದಿಲ್ಲ.”

ಸಂಗನಬಸವ ಆ ಎರಡು ಅಡಿಯ ಕತ್ತಲೆಯನ್ನು ನೋಡಿದ. ಬಲಗಾಲಿನ ಬೂಟಿನ ದಾರಕ್ಕೆ ಕೈ ಹಾಕಿದ್ದವನು ಹಾಗೇ ನೆಟ್ಟಗೆ ನಿಂತ.

“ಇಳದೇನ್ಲೇ?” ಫೋನು ಕೇಳಿತು.

“ಇಲ್ರಿ ಸರ.”

“ಯಾಕ? ಗಾಳಿ ಚಲೋ ಐತಿ ಅಂದೆಲ್ಲೋ!”

“ಅದು ಮಂಜಪ್ಪಗ ಹೇಳಿದ್ದು ಸರ,” ಎಂದ ಸಂಗನಬಸವ. “ನಾ ಇಳ್ಯೂದಿಲ್ಲ.”