ಮೊದಲು ಆದದ್ದು

ಡೈರಿಯಲ್ಲಿ ತಾನು ಕೆರೆದು ತಿದ್ದಿದ ಅಂಕಿಯ ಅಡಿಯಲ್ಲಿ ಹಳೆಯ ಅಂಕಿ ಇನ್ನೂ ಕಾಣುತ್ತಿದೆಯೇನೋ ಎಂಬ ಅಳುಕು ವಾರಿಜಳನ್ನು ದಿನವೂ ಕೊರೆಯುತ್ತಿತ್ತು. ಆ ಊರಲ್ಲಿ ನಡೆದದ್ದೆಲ್ಲ ಜನರಿಗೆ ನೆನಪಿರುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಯಾರ ತಲೆಯಲ್ಲೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಮನೆಗೊಬ್ಬರು ಆದದ್ದನ್ನು ಆಗಿಂದಾಗಲೇ ಒಂದು, ಎರಡು ಎಂದು ಸಾಲಾಗಿ ಅಂಕಿ ಹಾಕಿ ಡೈರಿಯಲ್ಲಿ ಬರೆದಿಡುತ್ತಿದ್ದರು. ಈ ಮನೆಯಲ್ಲಿ ಆ ಕೆಲಸ, ಬಿ.ಎ. ಮುಗಿಸಿ ಮೂಲೆ ಹಿಡಿದು ಕೂತಿದ್ದ ವಾರಿಜಳದು.

ಅಪ್ಪನ ತಿಂಗಳ ತಿಥಿಯ ದಿನ ಎದುರುಮನೆಯ ಆಟೊ ಚನ್ನವೀರಣ್ಣ ಬಾಳೆಹಣ್ಣು ಹಿಡಿದು ಬಂದು ಹೊಸ್ತಿಲಾಚೆಯೇ ನಿಂತರು.

"ಬಂದ್ಯಾ ಪುಣ್ಯಾತ್ಮ?" ಅಮ್ಮ ಕುಟುಕಿದಳು. "ಮಗಳು ಬಾಗಿಲು ಬಡಿದಾಗಲೇ ಎದ್ದು ಆಟೊ ತೆಗೆದಿದ್ದರೆ ಇವರು ಇವತ್ತು ಇಲ್ಲೇ ಕೂತಿರೋರು. ಓದೇ ವಾರಿಜ, ಇನ್ನೊಂದು ಸಲ ಕೇಳಲಿ."

"ತಪ್ಪಾಯ್ತು ಅಕ್ಕ," ಎಂದರು ಚನ್ನವೀರಣ್ಣ. "ಅವಳು ಬಡಿದದ್ದು ನೆನಪಿದೆ. ಅಣ್ಣ ಉಸಿರಿಲ್ಲದೆ ಮಲಗಿದ್ದೂ ನೆನಪಿದೆ. ನಡುವೆ ನಾನೇ ತಡ ಮಾಡಿರಬೇಕು."

ವಾರಿಜ ಪುಟ ತೆಗೆದಳು. ಆರು, ಬಾಗಿಲು ಬಡಿದದ್ದು. ಏಳು, ಅಪ್ಪನ ಉಸಿರು ನಿಂತದ್ದು. ಕೆರೆದ ಜಾಗವನ್ನು ಬೆಳಕಿಗೆ ಹಿಡಿದರೆ ಅಡಿಯ ಹಳೆಯ ಅಂಕಿಗಳು ಅದಲುಬದಲಾಗಿದ್ದವು. ಅವತ್ತು ಮಧ್ಯಾಹ್ನ ಮಲಗಿದವರನ್ನು ಎಬ್ಬಿಸುವುದು ಹೇಗೆಂದು ಸಂಕೋಚಪಟ್ಟು ಅವಳು ಚನ್ನವೀರಣ್ಣನ ಅಂಗಳದಲ್ಲೇ ನಿಂತುಬಿಟ್ಟಿದ್ದಳು.

ಓದದೆಯೇ ಡೈರಿ ಮುಚ್ಚಿದಳು.

"ಮಾಮ, ನಾನು ನಿಮ್ಮ ಬಾಗಿಲು ಬಡಿದದ್ದು ಅಪ್ಪ ಹೋದಮೇಲೆ."